ನೀಲಗಂಗವ್ವನ ಕಬ್ಜಾ

ನೀಲಗಂಗವ್ವನಿಗೆ ಮೆಲ್ಲಗೆ ಮಾತನಾಡಲು ಬರುತ್ತಿರಲಿಲ್ಲ. ಹದಿನೇಳು ವರ್ಷ ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ನಿಂತು, ಬೀಸುಕಲ್ಲಿನ ಮೊರೆತವನ್ನು ಮೀರಿ ಗಿರಾಕಿಗಳಿಗೆ ಕೂಗಿ ಹೇಳಿ ರೂಢಿಯಾದ ಆ ಕಂಠ, ಗಿರಣಿ ನಿಂತಾಗಲೂ, ಗುಡಿಯ ಗರ್ಭಗೃಹದ ಮುಂದೆಯೂ, ಸತ್ತವರ ಮನೆಯ ಅಂಗಳದಲ್ಲಿಯೂ ಅದೇ ಎತ್ತರದಲ್ಲಿ ನಿಂತಿರುತ್ತಿತ್ತು. ೧೯೮೬ರ ಬೇಸಿಗೆಯಲ್ಲಿ ಆಕೆ ಹಾವೇರಿಯ ನಮ್ಮ ವಕೀಲಿ ಕಚೇರಿಗೆ ಮೊದಲ ಸಲ ಬಂದು ತನ್ನ ಸಂಕಟವನ್ನು ನಿವೇದಿಸಿಕೊಂಡಾಗ, ನಾಲ್ಕು ಬಾಗಿಲು ಆಚೆ ಕುಳಿತಿದ್ದ ಎದುರುಪಕ್ಷದ ವಕೀಲರು ಚಹ ಕುಡಿಯುತ್ತಲೇ ನಮ್ಮ ದಾವೆಯ ಸಾರಾಂಶವನ್ನೆಲ್ಲ ಕೇಳಿಸಿಕೊಂಡು, ಸಂಜೆ ನನ್ನನ್ನು ಕಂಡಾಗ, 'ನಿಮ್ಮ ಕಕ್ಷಿದಾರಳು ನನಗೂ ಅರ್ಧ ಫೀ ಕೊಡಬೇಕು' ಎಂದು ನಕ್ಕಿದ್ದರು.

ಆಗ ನಾನು ಹೊಸ ಕರಿಕೋಟಿನ ಕಿರಿಯ ವಕೀಲ. ರಾಣೇಬೆನ್ನೂರಿನಿಂದ ದಿನಾಲೂ ಬಸ್ಸಿನಲ್ಲಿ ಹಾವೇರಿಗೆ ಬಂದು, ಹಿರಿಯ ವಕೀಲರಾದ ವಿರೂಪಾಕ್ಷಪ್ಪನವರ ಕೈಕೆಳಗೆ ಕಾಗದ ಜೋಡಿಸುತ್ತಿದ್ದೆ. ಕಾನೂನನ್ನು ಪುಸ್ತಕದಿಂದ ಮಾತ್ರ ಬಲ್ಲವನಿಗಿರುವ ಎಲ್ಲ ಆತ್ಮವಿಶ್ವಾಸವೂ ನನಗಿತ್ತು. ಆ ದಿನ ಬಾಗಿಲಲ್ಲಿ ಕಂಡ ಆಕೃತಿಯನ್ನು ನೋಡಿ ಯಾರೋ ಗಂಡಸೆಂದೇ ಭಾವಿಸಿದ್ದೆ. ಇಳಕಲ್ ಸೀರೆಯ ಮೇಲೆ ಮೊಣಕಾಲಿನವರೆಗೆ ಬರುವ ಗಂಡಸರ ಖಾಕಿ ಕೋಟು, ಹುಬ್ಬಿನ ಮೇಲೆ ಬಿಳಿಯ ಧೂಳು, ಡಬ್ಬಿ ಹೊತ್ತು ಹೊತ್ತು ತುಸು ಕೆಳಗಿಳಿದ ಬಲಭುಜ. ಕೋಟು ಆಕೆಯ ಗಂಡ ಶೇಖಪ್ಪನದು. ಅವನು ೧೯೬೯ರಲ್ಲಿ ತೀರಿಕೊಂಡಾಗ ಎರಡು ಹೆಣ್ಣುಮಕ್ಕಳನ್ನೂ ಒಂದು ಗಿರಣಿಯನ್ನೂ ಈ ಕೋಟನ್ನೂ ಬಿಟ್ಟುಹೋಗಿದ್ದ. ಹೆಂಗಸು ಗಿರಣಿ ನಡೆಸುವುದುಂಟೇ ಎಂದು ಹಲಗೇರಿಯ ತವರಿನವರು ಕರೆಯಲು ಬಂದರೆ, ಆಕೆ ಅವರು ತಂದ ಜೋಳವನ್ನು ಬೀಸಿಕೊಟ್ಟು, ಬೀಸಿದ ಕೂಲಿಯನ್ನೂ ಇಸಿದುಕೊಂಡು ಕಳಿಸಿದಳಂತೆ.

ಮಾತು ಮುಗಿದಾಗಲೆಲ್ಲ ಆಕೆ ಎದುರಿಗಿದ್ದವರ ಮುಖಕ್ಕೆ ಒಂದು ಪ್ರಶ್ನೆಯನ್ನು ಹಿಡಿಯುತ್ತಿದ್ದಳು: 'ಹೌದಂತೀರೋ, ಅಲ್ಲಂತೀರೋ?' ಉತ್ತರ ಬರುವವರೆಗೆ ಮುಂದಿನ ಮಾತಿಲ್ಲ. 'ನೋಡೋಣ', 'ವಿಚಾರ ಮಾಡೋಣ', 'ಹಾಗೂ ಅನ್ನಬಹುದು' ಎಂಬಂಥ, ನಮ್ಮ ವೃತ್ತಿಯ ಅನ್ನವೇ ಆದ ಮಾತುಗಳಿಗೆ ಆಕೆಯ ಹತ್ತಿರ ಬೆಲೆಯಿರಲಿಲ್ಲ. ಹಾಗೆಯೇ, ಮಾತನಾಡುವಾಗ ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತೀಡುತ್ತಲೇ ಇರುತ್ತಿದ್ದವು; ಕಾಣದ ಹಿಟ್ಟಿನ ನುಣುಪನ್ನು ಪರೀಕ್ಷಿಸುವ ಆ ಬೆರಳುಗಳ ಮುಂದೆ ನನ್ನ ಮಾತೂ ತರಿತರಿಯಾಗಿ ಬೀಳುತ್ತಿದೆಯೇನೋ ಎಂದು ನನಗೆ ಅಳುಕಾಗುತ್ತಿತ್ತು.

ಆಕೆಯ ಸಂಕಟ ಇದು. ಗಿರಣಿಯಿದ್ದ ಮಳಿಗೆ ಹಳೇ ಅಂಚೆ ಓಣಿಯ ಭೀಮರಾಯರದು. ಬಾಡಿಗೆ ಪತ್ರ ಯಾವಾಗಲೂ ಹನ್ನೊಂದು ತಿಂಗಳಿಗೆ. ವರ್ಷ ತುಂಬಿದರೆ ನೋಂದಣಿ ಮಾಡಿಸಬೇಕು, ಮೇಲಾಗಿ ಬಾಡಿಗೆದಾರ ಬೇರುಬಿಡುತ್ತಾನೆ ಎಂಬ ಭಯದಿಂದ ನಮ್ಮ ಕಡೆಯ ಮಾಲೀಕರೆಲ್ಲ ಹನ್ನೊಂದಕ್ಕೇ ನಿಲ್ಲುತ್ತಿದ್ದರು. ಭೀಮರಾಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಯಾರೋ ಹಳೆಯ ವಕೀಲರ ಸಲಹೆಯ ಮೇರೆಗೆ, ಪ್ರತಿ ಹನ್ನೊಂದನೆಯ ತಿಂಗಳ ಕೊನೆಯ ದಿನ ನೀಲಗಂಗವ್ವ ಗಿರಣಿ ನಿಲ್ಲಿಸಿ, ಕೀಲಿ ಹಾಕಿ, ಕೀಲಿಕೈಯನ್ನು ಸಕ್ಕರೆ ಎಲೆ ಅಡಿಕೆಗಳೊಡನೆ ತಾಟಿನಲ್ಲಿಟ್ಟು ಅವರ ಮನೆಗೆ ಒಯ್ಯಬೇಕು. 'ಮಳಿಗೆಯ ಖುಲ್ಲಾ ಕಬ್ಜಾ ಬಿಟ್ಟುಕೊಟ್ಟಿದ್ದೇನೆ', ಅಂದರೆ ಸ್ವಾಧೀನ ತೆರವು ಮಾಡಿದ್ದೇನೆ, ಎಂಬ ಚೀಟಿಗೆ ಹೆಬ್ಬೆಟ್ಟು ಒತ್ತಬೇಕು. ಆ ರಾತ್ರಿ ಕೀಲಿಕೈ ರಾಯರ ದೇವರ ಕೋಣೆಯಲ್ಲಿರುತ್ತಿತ್ತು. ಮರುದಿನ ಬೆಳಿಗ್ಗೆ ರಾಯರ ಹೆಂಡತಿ ವೆಂಕೂಬಾಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೊಸ ಬಾಡಿಗೆ ಪತ್ರದ ಜೊತೆ ನೀಲಗಂಗವ್ವನ ಉಡಿಗೆ ಹಾಕುತ್ತಿದ್ದರು. ಹನ್ನೊಂದು ತಿಂಗಳ ಆವರ್ತನವಾದ್ದರಿಂದ ಈ ದಿನ ವರ್ಷವರ್ಷವೂ ಒಂದೊಂದು ತಿಂಗಳು ಹಿಂದಕ್ಕೆ ಸರಿಯುತ್ತ, ಒಮ್ಮೆ ಶ್ರಾವಣದಲ್ಲಿ, ಒಮ್ಮೆ ಆಷಾಢದಲ್ಲಿ, ಒಮ್ಮೆ ಜ್ಯೇಷ್ಠದಲ್ಲಿ ಬರುತ್ತಿತ್ತು. ಕಾನೂನಿನ ಕಣ್ಣಿಗೆ ಮಣ್ಣೆರಚಲು ಹುಟ್ಟಿದ ಈ ಉಪಾಯ ಹದಿನೆಂಟು ಸಲ ನಡೆದು ಎರಡೂ ಮನೆಗಳಿಗೆ ಹಬ್ಬದಂತಾಗಿ, ಅದು ಯಾಕೆ ಶುರುವಾಯಿತೆಂಬುದನ್ನೇ ಎಲ್ಲರೂ ಮರೆತಿದ್ದರು.

ಮರೆಯದವನೊಬ್ಬನಿದ್ದ, ರಾಯರ ಮಗ ಗುರುರಾಜ. ರಾಯರು ತೀರಿಕೊಂಡ ಮರುವರ್ಷ, ಆ ವೈಶಾಖದಲ್ಲಿ, ನೀಲಗಂಗವ್ವ ಎಂದಿನಂತೆ ತಾಟು ಒಯ್ದಳು, ಹೆಬ್ಬೆಟ್ಟು ಒತ್ತಿದಳು, ಸಕ್ಕರೆ ಹಂಚಿದಳು. ಮರುದಿನ ಬೆಳಿಗ್ಗೆ ಹೋದರೆ ಹೊಸ ಪತ್ರವಿಲ್ಲ, ಕೀಲಿಕೈಯಿಲ್ಲ. ಮಳಿಗೆಯ ಬಾಗಿಲಿಗೆ ಆಕೆಯ ಕೀಲಿಯ ಜೊತೆಗೆ ಇನ್ನೊಂದು ದೊಡ್ಡ ಕೀಲಿ ಬಿದ್ದಿತ್ತು. ಯಾವುದೋ ಬೀಜದ ಕಂಪನಿಯವರು ಆ ಮಳಿಗೆಗೆ ಆರು ಪಟ್ಟು ಬಾಡಿಗೆ ಕೊಡಲು ಮುಂದೆ ಬಂದಿದ್ದರು. 'ನೀನಽ ಬಿಟ್ಟು ಕೊಟ್ಟೀದಿ ನೀಲಗಂಗವ್ವಾ, ಚೀಟಿ ಅದ ನನ್ನ ಹತ್ರ. ಮಶೀನು ಬೇಕಾದಾಗ ಬಂದು ಒಯ್ಯಿ' ಎಂದು ಗುರುರಾಜ ಹೇಳಿದನಂತೆ. ಸಿಟ್ಟಿನಿಂದಲ್ಲ, ವಿಮೆ ಕಚೇರಿಯಲ್ಲಿ ಕೆಲಸ ಮಾಡುವವರು ನಿಯಮ ಓದಿ ಹೇಳುವ ಸೌಜನ್ಯದಿಂದ.

ವಿರೂಪಾಕ್ಷಪ್ಪನವರು ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಪ್ರಕರಣಗಳಿಗೆ ಮಾತ್ರ ಅವರು ಹಾಗೆ ಮಾಡುತ್ತಿದ್ದರು.

'ಯವ್ವಾ, ಬಿಟ್ಟುಕೊಟ್ಟೇನಿ ಅಂತ ಹೆಬ್ಬೆಟ್ಟು ಒತ್ತೀದಿ. ಕೀಲಿಕೈ ನಿನ್ನ ಕೈಯಾರೆ ಕೊಟ್ಟೀದಿ. ಕೋರ್ಟಿನ್ಯಾಗ ಇದು ಭಾಳ ಕಠಿಣ ಐತಿ.'

'ನಾ ಬಿಟ್ಟಿಲ್ರೀ. ಕೀಲಿಕೈ ಕೊಡೋದು ಪದ್ಧತಿ, ಕೊಟ್ಟೆ. ಗಿರಣಿ ಬಿಡ್ತೇನಿ ಅಂತ ನಾ ಯಾರಿಗಂದೇನಿ? ಹೌದಂತೀರೋ, ಅಲ್ಲಂತೀರೋ?'

ವಿರೂಪಾಕ್ಷಪ್ಪನವರು ಕನ್ನಡಕವನ್ನು ಮತ್ತೆ ಹಾಕಿಕೊಂಡು 'ಹೌದು' ಎಂದರು. ಆಮೇಲೆ ಆಕೆಗೆ ಎರಡು ಮಾತು ಹೇಳಿದರು. ತನ್ನ ಒಪ್ಪಿಗೆಯಿಲ್ಲದೆ ಕಬ್ಜಾ ಕಳೆದುಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿದರೆ ಅದನ್ನು ಮರಳಿ ಪಡೆಯಲು ದಾರಿಯುಂಟು. ಆದರೆ ತೀರ್ಪು ಬರುವವರೆಗೆ ಮಶೀನಿಗೆ ಕೈ ಹಚ್ಚಬಾರದು, ಬೇರೆ ಜಾಗ ಹಿಡಿಯಬಾರದು. ಹಿಡಿದರೆ ಬಿಟ್ಟುಹೋದದ್ದು ನಿಜವೆಂದಾಗುತ್ತದೆ. ಆಕೆಯ ಬೆರಳುಗಳ ತೀಡಾಟ ಒಂದು ಕ್ಷಣ ನಿಂತಿತು. 'ಗಿರಣಿ ಬಂದ್ ಆಗಬಾರದು, ಹೌದಿಲ್ರೀ?' ಎಂದು ಕೇಳಿ, ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು. ಮಶೀನು ಮುಟ್ಟಬಾರದೆಂದರೆ ಗಿರಣಿ ನಡೆಯುವುದು ಹೇಗೆಂದು ಆಕೆಯೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೂರನೆಯ ದಿನ ನಾನು ಆ ಓಣಿಯಲ್ಲಿ ಹಾಯ್ದುಹೋಗುವಾಗ ಕಂಡ ನೋಟವನ್ನು ಇಂದಿಗೂ ಮರೆತಿಲ್ಲ. ಎರಡು ಕೀಲಿ ಜೋತುಬಿದ್ದ ಬಾಗಿಲಿನ ಮುಂದೆ, ಪುರಸಭೆಯ ಗಟಾರದ ಮೇಲೆ ಹಾಸಿದ ಕಲ್ಲಿನ ಕಟ್ಟೆಯ ಮೇಲೆ, ನೀಲಗಂಗವ್ವ ಕೋಟು ತೊಟ್ಟು ಕೂತಿದ್ದಾಳೆ. ಮುಂದೆ ಹನ್ನೆರಡು ಹದಿಮೂರು ಡಬ್ಬಿಗಳ ಸಾಲು. ಬೆಳಗಿನ ಎಂಟರಿಂದ ಹತ್ತರವರೆಗೆ ಗಿರಾಕಿಗಳಿಂದ ಜೋಳ, ಗೋದಿ, ಕರ್ಜಗಿಯಿಂದ ಬಸ್ಸಿನಲ್ಲಿ ಬರುವವರ ಅಕ್ಕಿ, ಎಲ್ಲವನ್ನೂ ಇಸಿದುಕೊಳ್ಳುವುದು. ಆಮೇಲೆ ಬಾಡಿಗೆಯ ಕೈಗಾಡಿಯ ಮೇಲೆ ಡಬ್ಬಿಗಳನ್ನು ಹೇರಿ ತಾನೇ ನೂಕಿಕೊಂಡು, ಸ್ಟೇಷನ್ನಿನ ಹತ್ತಿರದ ಫಕ್ಕೀರಸಾಬನ ಗಿರಣಿಗೆ ಒಯ್ಯುವುದು. ಅಲ್ಲಿ ತನ್ನ ಕೈಯಿಂದಲೇ ಬೀಸಿ, ಮಧ್ಯಾಹ್ನ ಮೂರಕ್ಕೆ ಮರಳಿ ತಂದು ಕಟ್ಟೆಯ ಮೇಲಿಟ್ಟು ಕೂಗುವುದು: 'ಕುಲಕರ್ಣ್ಯಾರ ಡಬ್ಬಿ! ಮಾಸ್ತರ ಮನೀ ಗೋದಿ!' ಬೀಸಿದ ಕೂಲಿಯೆಲ್ಲ ಫಕ್ಕೀರಸಾಬನಿಗೂ ಕೈಗಾಡಿಗೂ ಹೋಗುತ್ತಿತ್ತು. ಆಕೆಗೆ ಉಳಿಯುತ್ತಿದ್ದುದು ಕೈಕಾಲು ನೋವು ಮಾತ್ರ. ಮನೆ ನಡೆದದ್ದು ಹಿರಿಯ ಮಗಳು ಹೊಲಿಗೆ ಹಾಕಿದ್ದರಿಂದ, ಬಂಗಾರದ ಎರಡು ಬಿಲ್ವಾರ ಬಳೆ ಮಾರಿದ್ದರಿಂದ.

ಕಟ್ಟೆ ಪುರಸಭೆಯದಾದ್ದರಿಂದ ಆಕೆಯನ್ನು ಎಬ್ಬಿಸುವ ಅಧಿಕಾರ ಗುರುರಾಜನಿಗಿರಲಿಲ್ಲ. ಎರಡು ಮಳೆಗಾಲ ಬಂದವು. ತಲೆಯ ಮೇಲೊಂದು ತಾಡಪತ್ರಿ ಕಟ್ಟಿಕೊಂಡು, ಡಬ್ಬಿಗಳಿಗೊಂದು ಹೊದಿಸಿ, ಆಕೆ ಹದಿನಾಲ್ಕು ತಿಂಗಳು ಅಲ್ಲಿಯೇ ಕೂತಳು. ಗಿರಾಕಿಗಳಾದರೂ ನೇರವಾಗಿ ಫಕ್ಕೀರಸಾಬನ ಗಿರಣಿಗೆ ಹೋಗಬಹುದಿತ್ತು. ಕೆಲವರು ಹೋದರು, ಹೆಚ್ಚಿನವರು ಹೋಗಲಿಲ್ಲ. 'ಅಕೀ ಬೀಸಿದ ಹಿಟ್ಟಿನ ರೊಟ್ಟಿ ಹರಿಯಂಗಿಲ್ರೀ' ಎಂದು ಒಬ್ಬ ಹೆಣ್ಣುಮಗಳು ನನಗೆ ಹೇಳಿದ್ದಳು. ಫಕ್ಕೀರಸಾಬನೂ ದೊಡ್ಡ ಮನುಷ್ಯ. ದಿನಾಲೂ ಎರಡು ತಾಸು ತನ್ನ ಕಲ್ಲನ್ನು ಎದುರಾಳಿಯ ಕೈಗೆ ಬಿಟ್ಟು, ತಾನು ಹೊರಗೆ ಬೀಡಿ ಸೇದುತ್ತ ಕೂಡುತ್ತಿದ್ದ.

ಆ ದಿನಗಳಲ್ಲಿ ನಾನೊಂದು ಜಾಣತನ ಮಾಡಿದೆ. ಗುರುರಾಜ ರಾಜಿಗೆ ಸಿದ್ಧನಿದ್ದ. ಇಪ್ಪತ್ತೈದು ಸಾವಿರ ರೂಪಾಯಿ ಕೊಡುತ್ತೇನೆ, ಮಾರುಕಟ್ಟೆಯ ಹಿಂದೆ ಬೇರೊಂದು ಜಾಗ ತೋರಿಸುತ್ತೇನೆ, ದಾವೆ ಹಿಂತೆಗೆದುಕೊಳ್ಳಲಿ ಎಂದು ಹೇಳಿಕಳಿಸಿದ್ದ. ನಾವು ಸೋಲುತ್ತೇವೆಂದು ನನಗೆ ಖಾತ್ರಿಯಾಗಿತ್ತು. ಹಿರಿಯರಿಗೂ ಹೇಳದೆ ಕಟ್ಟೆಗೆ ಹೋಗಿ, ಡಬ್ಬಿಗಳ ನಡುವೆ ಕೂತು, ನನಗೆ ತಿಳಿದ ಕಾನೂನನ್ನೆಲ್ಲ ಆಕೆಗೆ ಬಿಡಿಸಿ ಹೇಳಿದೆ. ಆಕೆ ಅಡ್ಡ ಮಾತಾಡದೆ ಕೇಳಿದಳು.

'ಸಣ್ಣ ವಕೀಲ್ರ, ಮಾರ್ಕೆಟ್ ಹಿಂದ ಮೋಟಾರಿಗೆ ಹೊಸಾ ಕರೆಂಟ್ ಸಿಗಬೇಕಂದ್ರ ಎಷ್ಟ್ ವರ್ಷ?'

'ಎರಡೋ ಮೂರೋ ಆಗಬಹುದು.'

'ಅಲ್ಲೀತನಕ ಗಿರಣಿ?'

ನಾನು ಪಕ್ಕದ ಡಬ್ಬಿಯ ಮುಚ್ಚಳವನ್ನು ತಿರುವತೊಡಗಿದೆ.

'ಅದೂ ಇರ್ಲಿ. ರೊಕ್ಕ ತಗೊಂಡ್ ಮ್ಯಾಲ, ನೀಲಗಂಗವ್ವ ಬಿಟ್ಟಾಳ, ಈಗ ಹೆಚ್ಚಿಗಿ ರೊಕ್ಕಕ್ಕ ಅಳಾಕತ್ತಿದ್ಲು ಅಂತ ಊರ ಮಂದಿ ಅಂತಾರ. ಅವ್ರು ಅನ್ನೋದು ತಪ್ಪಂತ ಹೇಳಾಕ ನನ್ನ ಹತ್ರ ಏನ್ ಉಳೀತೈತಿ? ಹೇಳ್ರಿ.'

ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಕೇಳಿದರು. ನಾನು ಕರಿಕೋಟಿಗೆ ಅಂಟಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತ ಎದ್ದುಬಂದೆ. ನಾಚಿಕೆಯಾಗಿತ್ತು, ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು; ಗೆಲ್ಲಲಾರದ ಹೆಂಗಸೊಬ್ಬಳು ಬುದ್ಧಿಮಾತು ಕೇಳುವುದಿಲ್ಲವಲ್ಲ ಎಂಬ ಸಿಟ್ಟು.

ಈ ಹದಿನಾಲ್ಕು ತಿಂಗಳಲ್ಲಿ ನಾಲ್ಕು ದಿನಕ್ಕೊಮ್ಮೆ ಕಟ್ಟೆಗೆ ತಪ್ಪದೆ ಬರುತ್ತಿದ್ದ ಒಂದು ಹಿತ್ತಾಳೆಯ ಡಬ್ಬಿಯಿತ್ತು. ಅದು ವೆಂಕೂಬಾಯಿಯವರದು, ಗುರುರಾಜನ ತಾಯಿಯದು. ಮೊದಲ ಸಲ ಅವರು ಸೆರಗು ಹೊದ್ದು ತಾವೇ ಡಬ್ಬಿ ಹಿಡಿದು ಬಂದಾಗ ಓಣಿಯೇ ಬಾಗಿಲಿಗೆ ಬಂದು ನೋಡಿತಂತೆ. ಅವರು ರೊಟ್ಟಿಯ ಜೋಳ ತುಂಬಿದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, 'ಭಕ್ರಿ ಹಿಟ್ಟು. ತುಸು ಸಣ್ಣಗ ಇರಲಿ' ಎಂದರು. ನೀಲಗಂಗವ್ವ ಎದ್ದು ನಿಂತು, 'ಸಂಜೀಕ ಕಳಸ್ತೇನ್ರಿ ಬಾಯಾರ' ಎಂದು, ಎಂದಿನಂತೆ ಆ ಡಬ್ಬಿಯನ್ನು ಸಾಲಿನ ಮೊದಲಿಗಿಟ್ಟಳು. ಮಗ ಮನೆಯಲ್ಲಿ ಬೇಡವೆಂದನಂತೆ. 'ಅಪ್ಪ ಇದ್ದಾಗಿಂದ ಅಕೀ ಬೀಸಿದ್ದು ಉಂಡೀವಿ. ನಿನ್ನ ಕೋರ್ಟು ನಿನಗ, ನನ್ನ ಒಲಿ ನನಗ' ಎಂದು ತಾಯಿ ಅಂದರಂತೆ. ಕೀಲಿಕೈಯ ವಿಷಯವನ್ನು ಇಬ್ಬರು ಹೆಂಗಸರೂ ಒಮ್ಮೆಯೂ ಎತ್ತಲಿಲ್ಲ.

೧೯೮೭ರ ಆಷಾಢದಲ್ಲಿ ಸಾಕ್ಷಿ ವಿಚಾರಣೆ ನಡೆಯಿತು. ಮೊದಲು ನೀಲಗಂಗವ್ವನದು. ಕೋಟು ತೆಗೆಯಬೇಕೆಂದು ಬೇಲಿಫ ಹೇಳಿದರೆ ಒಪ್ಪಲಿಲ್ಲ. ಮುನ್ಸಿಫರು ಇನ್ನೂ ತರುಣರು. ಆಕೆಯ ಮೊದಲ ವಾಕ್ಯಕ್ಕೇ ಬೆಚ್ಚಿ, 'ಸ್ವಲ್ಪ ಮೆಲ್ಲಗೆ ಹೇಳಮ್ಮ' ಎಂದರು. 'ಇದಕ್ಕಿಂತ ಮೆಲ್ಲಗ ಬರಂಗಿಲ್ರೀ ಸಾಹೇಬ್ರ' ಎಂದು ಅದೇ ದನಿಯಲ್ಲಿ ಉತ್ತರ ಬಂತು. ಹಳೆಯ ಹಿಟ್ಟಿನ ಡಬ್ಬಿಯಲ್ಲಿ ಕಾಪಾಡಿಟ್ಟಿದ್ದ ಹದಿನೆಂಟು ಬಾಡಿಗೆ ಪತ್ರಗಳನ್ನು ಹಾಜರುಪಡಿಸಿದೆವು. ಒಂದು ಮುಗಿದ ಮರುದಿನವೇ ಇನ್ನೊಂದು ಹುಟ್ಟಿತ್ತು. ಹದಿನೇಳು ವರ್ಷದಲ್ಲಿ ಒಂದು ದಿನದ ತೆರಪೂ ಇರಲಿಲ್ಲ. ಮೀಟರಿನ ಬಿಲ್ಲುಗಳೂ ಇದ್ದವು, ಕೊನೆಯ ತಿಂಗಳವರೆಗೆ ತುಂಬಿದಂಥವು. ಎದುರು ವಕೀಲರು ಹೆಬ್ಬೆಟ್ಟಿನ ಚೀಟಿಯನ್ನು ಆಕೆಯ ಮುಂದೆ ಹಿಡಿದು, ಇದು ನಿನ್ನದೇ ಅಲ್ಲವೇ ಎಂದರು. 'ನಂದ. ಇಂಥಾವು ಹದಿನೆಂಟು ಅದಾವು. ಹದಿನೆಂಟು ಸಲ ಬಿಟ್ಟು ಹೋದಾಕಿ ಹದಿನೇಳು ವರ್ಷ ಅಲ್ಲೇ ಹೆಂಗ ಇದ್ದೆ? ನಾ ಹೇಳೋದು ಹೌದಂತೀರೋ, ಅಲ್ಲಂತೀರೋ?' ಎಂದು ಮುನ್ಸಿಫರ ಕಡೆಗೇ ತಿರುಗಿಬಿಟ್ಟಳು. ಅವರು ನಗು ತಡೆದುಕೊಂಡು, 'ಅದನ್ನ ನಾನು ತೀರ್ಪಿನಲ್ಲಿ ಹೇಳ್ತೀನಿ' ಎಂದರು.

ಮರುವಾರ ಗುರುರಾಜನ ಸರದಿ. ಆ ಬೆಳಿಗ್ಗೆ ವಿರೂಪಾಕ್ಷಪ್ಪನವರ ಹಾಳೆಯಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದವು. ಕೋರ್ಟಿನ ಮೆಟ್ಟಿಲ ಮೇಲೆ ನೀಲಗಂಗವ್ವ ಇಪ್ಪತ್ತೊಂದನೆಯದನ್ನು ಹೇಳಿದಳು. ಹಿರಿಯರು ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಒಳಗೆ ಹೋದರು.

'ಈ ಮಳಿಗಿಯೊಳಗ ನೀಲಗಂಗವ್ವನ ಗಿರಣಿ ಯಾವಾಗ ಬಂದ್ ಆತು?'

'ಅಕೀ ಕೀಲಿಕೈ ಕೊಟ್ಟ ದಿನ. ತಾನಽ ಬಿಟ್ಟು ಹೋಗ್ಯಾಳ.'

'ಅವತ್ತಿನಿಂದ ಆಕಿ ಗಿರಣಿ ಅಲ್ಲಿಲ್ಲ?'

'ಇಲ್ಲ.'

'ನಿಮ್ಮ ಮನಿಯೊಳಗ ಈ ಒಂದು ವರ್ಷ ಭಕ್ರಿ ಹಿಟ್ಟು ಎಲ್ಲಿಂದ ಬರ್ತದ?'

ಗುರುರಾಜ ತನ್ನ ವಕೀಲರ ಕಡೆ ನೋಡಿದ. ಅವರು ಪ್ರಶ್ನೆ ಅಪ್ರಸ್ತುತವೆಂದರು. ಮುನ್ಸಿಫರು ಉತ್ತರಿಸಲಿ ಎಂದರು.

'ಅದನ್ನ ನಮ್ಮ ಅವ್ವ ನೋಡ್ಕೋತಾಳ. ಗಿರಣಿಯಿಂದ ಬರ್ತದ.'

'ಯಾವ ಗಿರಣಿ?'

ಅವನ ಬಗ್ಗೆ ನಾನು ಇಲ್ಲಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ಚೀಟಿಯನ್ನು ಅಸ್ತ್ರ ಮಾಡಿಕೊಂಡ ಮನುಷ್ಯ ಈ ಒಂದು ಸುಳ್ಳನ್ನು ಸುಲಭವಾಗಿ ಹೇಳಬಹುದಿತ್ತು. ಊರಲ್ಲಿ ಆರು ಗಿರಣಿಗಳಿದ್ದವು. ಅವನು ಕಟಕಟೆಯ ಮರವನ್ನು ಹಿಡಿದುಕೊಂಡು, ತಲೆ ತಗ್ಗಿಸಿ, 'ನೀಲಗಂಗವ್ವನ ಗಿರಣಿಯಿಂದ' ಎಂದ.

'ಎಲ್ಲಿ ಅದ ಅದು?'

'ನಮ್ಮ ಮಳಿಗಿ ಮುಂದ.'

ಕೋರ್ಟಿನಲ್ಲಿ ನಗೆ ಎದ್ದಿತು. ನೀಲಗಂಗವ್ವ ಮಾತ್ರ ನಗಲಿಲ್ಲ. ತಾನು ಹದಿನಾಲ್ಕು ತಿಂಗಳು ಕೂಗಿ ಹೇಳಿದ್ದನ್ನು ಕೊನೆಗೂ ಒಬ್ಬರು ಬರೆದುಕೊಳ್ಳುತ್ತಿದ್ದಾರೆಂಬಂತೆ ಆಕೆ ಬೆರಳಚ್ಚುಗಾರನ ಕೈಗಳನ್ನೇ ನೋಡುತ್ತಿದ್ದಳು. ಹತ್ತು ದಿನದಲ್ಲಿ ತೀರ್ಪು ಬಂತು. ಕೀಲಿಕೈ ಒಪ್ಪಿಸುವುದು ಉಭಯತರರ ನಡುವಿನ ರೂಢಿಯಾಗಿತ್ತೇ ಹೊರತು ಅದರಿಂದ ಕಬ್ಜಾ ಬಿಟ್ಟುಕೊಟ್ಟಂತಾಗಲಿಲ್ಲ, ವಾದಿಯು ಒಂದು ದಿನವೂ ಬಿಡುವ ಮನಸ್ಸು ತೋರಿಲ್ಲ ಎಂದು ಬರೆದು, ಮಳಿಗೆಯನ್ನು ಆಕೆಯ ವಶಕ್ಕೆ ಮರಳಿಸಲು ಮುನ್ಸಿಫರು ಆಜ್ಞಾಪಿಸಿದ್ದರು. ತೀರ್ಪನ್ನು ಆಕೆಗೆ ಓದಿ ಹೇಳಿದವನು ನಾನೇ. ಆ ಕಟ್ಟೆಯ ಮೇಲೆ ಕೂತು ನಾನು ಕೊಟ್ಟ ಬುದ್ಧಿಮಾತು ನೆನಪಾಗಿ ಆ ದಿನ ನನಗೆ ನಿಜವಾದ ನಾಚಿಕೆಯಾಯಿತು.

ಗೆದ್ದ ಮೇಲೆ ಆಕೆ ಮಾಡಿದ ಕೆಲಸಕ್ಕೆ ವಿರೂಪಾಕ್ಷಪ್ಪನವರೇ ತಲೆ ಮೇಲೆ ಕೈ ಹೊತ್ತು ಕೂತರು. ಓಣಿಯ ಅಂಗಡಿ ಅಂಗಡಿಗೂ ಹೋಗಿ, ನೀವೆಷ್ಟು ಬಾಡಿಗೆ ಕೊಡುತ್ತೀರೆಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿ, ತನ್ನ ಬಾಡಿಗೆ ತೀರ ಕಡಿಮೆಯೆಂದು ಕಂಡುಕೊಂಡು, ಅದನ್ನು ತಾನಾಗಿಯೇ ಮೂರು ಪಟ್ಟು ಮಾಡಿದಳು. ಮೂರು ವರ್ಷಕ್ಕೊಮ್ಮೆ ಓಣಿಯ ದರ ನೋಡಿ ಪರಿಷ್ಕರಿಸಬೇಕೆಂದೂ, ಪತ್ರ ಒಂಬತ್ತು ವರ್ಷದ್ದಾಗಿ ನೋಂದಣಿಯಾಗಬೇಕೆಂದೂ ಬರೆಸಿದಳು. ಕಾನೂನಿನ ಪ್ರಕಾರ ಏರಿಸಬೇಕಾಗಿಲ್ಲ ಎಂದು ನಾವು ಹೇಳಿದರೆ, 'ಗ್ವಾಡಿ ಅವರದು, ನ್ಯಾಯ ಬರೇ ನನಗ ಬೇಕೇನ್ರಿ?' ಎಂದಳು. ಹಾಗೆಂದು ಸಾಧುವಾಗಿದ್ದಳೆಂದು ತಿಳಿಯಬಾರದು. ಪರಿಷ್ಕರಣೆಯ ವರ್ಷ ಗುರುರಾಜ ಐದು ರೂಪಾಯಿ ಹೆಚ್ಚು ಕೇಳಿದ್ದಕ್ಕೆ, ಮಾಡಿನಿಂದ ಸೋರುವ ನೀರಿನ ಕೊಡವನ್ನು ಅವನ ವಿಮೆ ಕಚೇರಿಯ ಮೇಜಿನ ಮೇಲೇ ಒಯ್ದು ಇಟ್ಟಿದ್ದಳು.

೧೯೯೬ರಲ್ಲಿ ಆ ಒಂಬತ್ತು ವರ್ಷ ತುಂಬುತ್ತ ಬಂದಾಗ ಆಕೆ ಮತ್ತೆ ನಮ್ಮ ಕಚೇರಿಗೆ ಬಂದಳು. ಬ್ಯಾಡಗಿಯಲ್ಲಿ ಕಿರಿಯ ಮಗಳೂ ಅಳಿಯನೂ ಮೆಣಸಿನಕಾಯಿ ಪುಡಿ ಮಾಡುವ ಗಿರಣಿ ಹಾಕಲಿದ್ದರು. ತಾನೂ ಮಶೀನು ಸಮೇತ ಅಲ್ಲಿಗೆ ಹೋಗಿ ನಿಲ್ಲುತ್ತೇನೆ, ಮಳಿಗೆ ಬಿಡುವ ಪತ್ರ ಬರೆಯಿರಿ ಎಂದಳು. ವಿರೂಪಾಕ್ಷಪ್ಪನವರು ಆಗ ಇರಲಿಲ್ಲ. ಅವರ ಕುರ್ಚಿಯಲ್ಲಿ ನಾನು ಕೂತಿದ್ದೆ. ಹಳೆಯ ಬಾಡಿಗೆದಾರರು ಜಾಗ ಬಿಡಲು ಲಕ್ಷಗಟ್ಟಲೆ ಪಗಡಿ ಹಣ ಪಡೆಯುತ್ತಿದ್ದ ಕಾಲವದು. ಗುರುರಾಜನೂ ಕೊಡಲು ಸಿದ್ಧನಿದ್ದ, ನನ್ನೆದುರೇ ಚೆಕ್ ಪುಸ್ತಕ ತೆಗೆದಿದ್ದ. ಆಕೆ ಬೇಡವೆಂದಳು.

ಅವನಿಗೆ ತಡೆಯಲಾಗಲಿಲ್ಲ. 'ನೀಲಗಂಗವ್ವಾ, ಅವತ್ತ ಇಪ್ಪತ್ತೈದು ಸಾವಿರ ಕೊಡ್ತೀನಿ ಅಂದ್ರೂ ಬಿಡಲಿಲ್ಲ. ಮಳಿಯಾಗ ಕೂತಿ, ಬಂಗಾರ ಮಾರಿದಿ. ಇವತ್ತ ಪುಕ್ಕಟ ಬಿಡ್ತೀನಿ ಅಂತೀ. ಏನಿದು?'

'ರಾಯರ, ಅವತ್ತ ನಾ ಬಿಟ್ಟಿರಲಿಲ್ಲ, ಬಿಟ್ಟಾಳ ಅಂತ ನೀವು ಹೇಳಿದ್ರಿ. ಇವತ್ತ ನಾನಽ ಬಿಡಾಕತ್ತೇನಿ. ಖರೇ ಮಾತಿಗೆ ರೊಕ್ಕ ಯಾಕ ಬೇಕ್ರೀ?'

ಮೂರು ದಿನದಲ್ಲಿ ಮಳಿಗೆ ಖಾಲಿಯಾಯಿತು. ಆಕೆ ಒಳಗೆಲ್ಲ ಸುಣ್ಣ ಹೊಡೆಸಿ, ನೆಲ ತೊಳೆಸಿ ಕೊಟ್ಟಳು. ಆದರೆ ಮಶೀನಿನ ಬೋಲ್ಟು, ಹಲಗೆ, ಗೋಡೆಯಲ್ಲಿದ್ದ ಒಂದೇ ಒಂದು ಮೊಳೆ, ಎಲ್ಲವನ್ನೂ ತನ್ನವೆಂದು ಕಿತ್ತುಕೊಂಡು ಹೋದಳು. ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ನನ್ನಿಂದ ಎರಡು ಸಲ ಓದಿಸಿ ಕೇಳಿದಳು.

ಮೂವತ್ತು ವರ್ಷ ಕೋರ್ಟಿನ ಪಡಸಾಲೆಯಲ್ಲಿ ಅಲೆದಿದ್ದೇನೆ. ಅಂಗೈಯಗಲ ಅಂಗಡಿಗಾಗಿ, ಗೇಣು ಗೋಡೆಗಾಗಿ ಆಯುಷ್ಯ ಸವೆಸುವ ಇಂಥವರನ್ನು ನಾವು ಹಟಮಾರಿಗಳೆಂದು ಕರೆದು, ಅವರ ಬೆನ್ನ ಹಿಂದೆ ನಗುತ್ತೇವೆ. ಅವರಿಗೆ ಜಾಗದ ಮೋಹವೆಂದೋ ರೊಕ್ಕದ ಆಸೆಯೆಂದೋ ತಿಳಿಯುತ್ತೇವೆ. ಕೆಲವರಿಗೆ ಅದಿರಲೂಬಹುದು. ಆದರೆ ಬಡವರಲ್ಲಿ ಒಂದು ಜಾತಿಯ ಜನವಿದ್ದಾರೆ. ಅವರು ಬೇಕಾದಷ್ಟನ್ನು ಕಳೆದುಕೊಂಡಿರುತ್ತಾರೆ, ಇನ್ನೂ ಕಳೆದುಕೊಳ್ಳಲು ಅಂಜುವುದಿಲ್ಲ. ತಾವು ಆಡದ ಮಾತನ್ನು ಇನ್ನೊಬ್ಬರು ತಮ್ಮ ಬಾಯಿಗೆ ಹಾಕುವುದನ್ನು ಮಾತ್ರ ಅವರು ಸಹಿಸುವುದಿಲ್ಲ. 'ಬಿಟ್ಟೆ' ಎಂಬ ಒಂದು ಮಾತನ್ನು ತಾವೇ, ತಮಗೆ ಬೇಕಾದ ದಿನ ಆಡುವ ಹಕ್ಕಿಗಾಗಿ ಅವರು ಹದಿನಾಲ್ಕು ತಿಂಗಳಲ್ಲ, ಇಡೀ ಜನ್ಮವನ್ನೇ ಕಟ್ಟೆಯ ಮೇಲೆ ಕಳೆಯಬಲ್ಲರು. ಆ ಹಕ್ಕು ಒಮ್ಮೆ ಕೈಗೆ ಬಂದಿತೆಂದರೆ, ಲಕ್ಷ ಬಾಳುವ ಜಾಗವನ್ನು ಗುಡಿಸಿ, ಸಾರಿಸಿ, ಬಿಟ್ಟು ಹೊರಡುತ್ತಾರೆ.